ಜೊಳ್ಳು ಬಿಡಿಸುವ ರಾತ್ರಿಗಳು

ಜನವರಿ 11, 2025, ಶನಿವಾರ. ಚಳ್ಳಕೆರೆ ತಾಲ್ಲೂಕು, ತೋಟದ ಮನೆ

ಕಂಬ ಒಣಗಿ ಗಟ್ಟಿಯಾಗಿದೆ. ಹಳೆಯ ಕಣದ ನಟ್ಟನಡುವೆ, ಅಪ್ಪನ ಕಾಲದಲ್ಲಿ ಮೇಟಿ ಇದ್ದ ಜಾಗದಲ್ಲೇ ಸಿಮೆಂಟಿನ ಕಂಬ ಎಬ್ಬಿಸಿ ಅದರ ಮೇಲೆ ಟೆಲಿಸ್ಕೋಪಿನ ಮೌಂಟ್ ಕೂರಿಸಿದೆ. ಎಂಟು ಇಂಚಿನ ಟೆಲಿಸ್ಕೋಪು, ಹಿಂದೆ ಹೊಸ ಕ್ಯಾಮೆರಾ. ಎತ್ತುಗಳು ಮೇಟಿಯ ಸುತ್ತ ತಿರುಗಿದ ಹಾಗೆ ನಕ್ಷತ್ರಗಳು ಧ್ರುವನ ಸುತ್ತ ತಿರುಗುತ್ತವೆ. ಮೌಂಟಿನ ಅಚ್ಚು ಅವನ ಕಡೆಗೇ ಮುಖ ಮಾಡಿರಬೇಕು. ನಮ್ಮೂರಿಗೆ ಧ್ರುವ ಬಹಳ ತಗ್ಗು, ದಿಗಂತದಿಂದ 14 ಡಿಗ್ರಿಯಷ್ಟೇ. ಬೇಲಿಯ ಜಾಲಿ ಮರದ ಒಂದು ಕೊಂಬೆಯನ್ನು ತಮ್ಮ ಕಡಿದುಕೊಟ್ಟ ಮೇಲೆ ಕಂಡ.

ಹುಣ್ಣಿಮೆ ಹತ್ತಿರ ಬಂದಿದೆ, ಕೆಲಸಕ್ಕೆ ಇನ್ನೊಂದು ವಾರ ಕಾಯಬೇಕು. ಈ ಕೆಲಸ ಯಾಕೆ ಹಿಡಿದೆ ಎಂಬುದನ್ನು ಇವತ್ತೇ ಬರೆದಿಡುತ್ತೇನೆ, ನಿದ್ದೆಗೆಟ್ಟು ಬೇಸರವಾದ ದಿನ ಓದಿಕೊಳ್ಳಲು.

2018ರ ಏಪ್ರಿಲ್‌ನಲ್ಲಿ ಹಾರಿದ ಟೆಸ್ ಉಪಗ್ರಹ ಆಕಾಶವನ್ನು ಪಟ್ಟಿ ಪಟ್ಟಿಯಾಗಿ ಹಂಚಿಕೊಂಡು, ಒಂದೊಂದು ಪಟ್ಟಿಯನ್ನು ಸುಮಾರು 27 ದಿನ ರೆಪ್ಪೆ ಮಿಟುಕಿಸದೆ ನೋಡುತ್ತದೆ. ಯಾವುದಾದರೂ ನಕ್ಷತ್ರದ ಬೆಳಕು ಗೊತ್ತಾದ ಅಂತರದಲ್ಲಿ ಮತ್ತೆ ಮತ್ತೆ ಒಂದಿಷ್ಟು ಕುಗ್ಗಿದರೆ, ಅದರ ಮುಂದೆ ಗ್ರಹವೊಂದು ಹಾದುಹೋಗುತ್ತಿರಬಹುದು ಎಂದು ಗುರುತು ಹಾಕುತ್ತಾರೆ. ಹಾಗೆ ಗುರುತಾದ ಅಭ್ಯರ್ಥಿಗಳು ಈಗ 7,000ಕ್ಕೂ ಹೆಚ್ಚು. ಅವುಗಳಲ್ಲಿ ಗ್ರಹವೇ ಹೌದೆಂದು ಖಚಿತವಾದವು ಕೆಲವು ನೂರು ಮಾತ್ರ. ಉಳಿದವು ಸಾಲಿನಲ್ಲಿ ನಿಂತಿವೆ. ಒಂದೊಂದನ್ನೂ ಯಾರಾದರೂ ನೆಲದಿಂದ, ರಾತ್ರಿ ಎಚ್ಚರವಿದ್ದು, ನೋಡಿ ಹೇಳಬೇಕು.

ಆ ಯಾರಾದರೂ ಎಂಬುದರಲ್ಲಿ ದೊಡ್ಡ ವೀಕ್ಷಣಾಲಯಗಳಿವೆ, ನನ್ನಂಥ ಹವ್ಯಾಸಿಗಳೂ ಇದ್ದಾರೆ. ನಮ್ಮ ಕಡೆ ಮಳೆ ಕಡಿಮೆ ಎಂದು ಎಲ್ಲರೂ ಕೊರಗುತ್ತಾರೆ. ಮೋಡವಿಲ್ಲದ ಈ ಆಕಾಶ ಒಂದು ಸಂಪತ್ತು ಎಂದು ನನಗೆ ತಿಳಿಯಲು ನಲವತ್ತು ವರ್ಷ ಬೇಕಾಯಿತು.

ಜನವರಿ 14, ಮಂಗಳವಾರ. ಸಂಕ್ರಾಂತಿ

ಎಳ್ಳುಬೆಲ್ಲ ಹಂಚಿ ಬಂದ ಮೇಲೆ ಅವ್ವ ಜಗುಲಿಯ ಮೇಲೆ ಕೂತು ಬಿತ್ತನೆ ಶೇಂಗಾ ಆರಿಸುತ್ತಿದ್ದಳು. ಬೋರಿನ ನೀರು ಇರುವ ಎರಡು ಎಕರೆಗೆ ಬೇಸಿಗೆ ಶೇಂಗಾ ಹಾಕುತ್ತಾನಂತೆ ತಮ್ಮ. ಕಾಯಿ ಎತ್ತಿ ಕಿವಿಯ ಹತ್ತಿರ ಒಮ್ಮೆ ಅಲುಗಿಸುತ್ತಾಳೆ, ಒಂದು ಗುಡ್ಡೆಗೆ ಹಾಕುತ್ತಾಳೆ. ಮೇಲಿನಿಂದ ನೋಡಿದರೆ ಎಲ್ಲ ಕಾಯಿಯೂ ಒಂದೇ. ಜೊಳ್ಳು ಯಾವುದು, ಗಟ್ಟಿ ಯಾವುದು ಎಂಬುದು ಅಲುಗಿಸಿದಾಗಲೇ ತಿಳಿಯುವುದು.

"ಆ ದುರ್ಬೀನಿನಾಗೆ ಏನು ಹುಡುಕ್ತೀಯವ್ವಾ?" ಎಂದು ಕೇಳಿದಳು.

"ನೀನು ಮಾಡ್ತಿರೋದನ್ನೇ ಅವ್ವ" ಎಂದೆ. ಸುಮ್ಮನೆ ಬಾಯಿಗೆ ಬಂದ ಮಾತು, ಆಮೇಲೆ ಯೋಚಿಸಿದರೆ ಅದೇ ಸರಿ ಅನಿಸಿತು.

ನಕ್ಷತ್ರದ ಮುಂದೆ ಗ್ರಹ ಹಾದುಹೋಗುವುದಕ್ಕೆ ನಮ್ಮ ಪುಸ್ತಕಗಳಲ್ಲಿ ಸಂಕ್ರಮಣ ಎಂಬ ಮಾತಿದೆ. ಮೊದಲ ಸಲ ಅದನ್ನು ಕಣ್ಣಾರೆ ಕಂಡದ್ದು 2004ರ ಜೂನ್ 8ರಂದು. ಸೂರ್ಯನ ಬಿಂಬವನ್ನು ಬಿಳಿ ಕಾಗದದ ಮೇಲೆ ಬೀಳಿಸಿದಾಗ ಶುಕ್ರ ಒಂದು ಸಾಸಿವೆ ಕಾಳಿನ ಹಾಗೆ ಅದರ ಮೇಲೆ ಮೆಲ್ಲಗೆ ಸರಿಯುತ್ತಿದ್ದ. ಕಾಗದ ಹಿಡಿದವನು ಅಪ್ಪ. ಕೈ ನಡುಗದ ಹಾಗೆ ಎರಡು ಗಂಟೆ ಹಿಡಿದಿದ್ದ.

ದೂರದ ನಕ್ಷತ್ರಗಳಲ್ಲಿ ಆ ಬಿಂಬವೂ ಕಾಣದು, ಕಾಳೂ ಕಾಣದು. ಚುಕ್ಕೆಯ ಬೆಳಕು ಎಷ್ಟು ಕುಗ್ಗಿತು ಎಂಬುದೊಂದೇ ಕೈಗೆ ಸಿಗುವ ಸಾಕ್ಷಿ. ಗುರುವಿನಷ್ಟು ದೊಡ್ಡ ಗ್ರಹ ಸೂರ್ಯನಂಥ ನಕ್ಷತ್ರವನ್ನು ದಾಟಿದರೆ ನೂರರಲ್ಲಿ ಒಂದು ಪಾಲು ಬೆಳಕು ಕಡಿಮೆಯಾಗುತ್ತದೆ. ಭೂಮಿ ದಾಟಿದರೆ ಸುಮಾರು 12,000ದಲ್ಲಿ ಒಂದು ಪಾಲು. ಇಷ್ಟು ಸಣ್ಣ ಇಳಿತವನ್ನು ಗ್ರಹವಲ್ಲದ ಹಲವು ಸಂಗತಿಗಳೂ ಮಾಡಬಲ್ಲವು. ಎರಡು ನಕ್ಷತ್ರಗಳು ಜೋಡಿಯಾಗಿ ಸುತ್ತುತ್ತ ಒಂದನ್ನೊಂದು ಅಂಚಿನಲ್ಲಿ ಮಾತ್ರ ಸವರಿಕೊಂಡು ಹೋದರೆ ಹೀಗೆಯೇ ಕಾಣುತ್ತದೆ. ಗುರುವಿನ ಗಾತ್ರದ, ಆದರೆ ಅದಕ್ಕಿಂತ ಎಷ್ಟೋ ಪಾಲು ತೂಕದ ಕಂದು ಕುಬ್ಜಗಳೂ ಹೀಗೆಯೇ ಕಾಣುತ್ತವೆ.

ಎಲ್ಲಕ್ಕಿಂತ ಹೆಚ್ಚು ಮೋಸ ಮಾಡುವುದು ಪಕ್ಕದ ಚುಕ್ಕೆ. ಟೆಸ್ ಕ್ಯಾಮೆರಾದ ಒಂದೊಂದು ಚೌಕ ಆಕಾಶದಲ್ಲಿ 21 ವಿಕಲೆಯಷ್ಟು ಅಗಲ. ಹುಣ್ಣಿಮೆ ಚಂದ್ರನ ಅಗಲವನ್ನು 85 ಪಾಲು ಮಾಡಿದರೆ ಒಂದು ಪಾಲು. ಕೇಳಲು ಸಣ್ಣದು, ಆದರೆ ಅಕ್ಕಪಕ್ಕದ ನಾಲ್ಕಾರು ಚುಕ್ಕೆಗಳ ಬೆಳಕು ಅದರೊಳಗೆ ಕಲಸಿಹೋಗಲು ಧಾರಾಳ ಸಾಕು. ಮಂಕಾದ ನೆರೆಯ ನಕ್ಷತ್ರವೊಂದು ಗ್ರಹಣದಲ್ಲಿ ಚೆನ್ನಾಗಿ ಕುಗ್ಗಿದರೆ, ಆ ಇಳಿತ ದೊಡ್ಡ ನಕ್ಷತ್ರದ ಬೆಳಕಿನಲ್ಲಿ ತೆಳುವಾಗಿ, ಅದರ ಗ್ರಹದ ಹಾಗೆಯೇ ಕಾಣುತ್ತದೆ. ನನ್ನ ಕ್ಯಾಮೆರಾದ ಚೌಕ ಸುಮಾರು ಒಂದು ವಿಕಲೆ. ಟೆಸ್‌ನ ಎದುರು ನನ್ನ ಟೆಲಿಸ್ಕೋಪು ಏನೂ ಅಲ್ಲ ಎಂದುಕೊಂಡಿದ್ದೆ. ಈ ಒಂದು ವಿಷಯದಲ್ಲಿ ಅದು ಕಾಣದ್ದನ್ನು ಇದು ಕಾಣಬಲ್ಲದು: ಚುಕ್ಕೆಗಳನ್ನು ಬಿಡಿಸಿ ನೋಡಬಲ್ಲದು.

ಜನವರಿ 21, ಮಂಗಳವಾರ, ನಸುಕಿನ 2 ಗಂಟೆ

ಕೈ ಮರಗಟ್ಟಿದೆ, ಆದರೂ ಬರೆದೇ ಮಲಗುತ್ತೇನೆ.

ಮೊದಲ ಪಾಠಕ್ಕೆ ಎಲ್ಲರಿಗೂ ಗೊತ್ತಿರುವ ಗ್ರಹವನ್ನೇ ಆರಿಸಿಕೊಂಡಿದ್ದೆ. ವಾಸ್ಪ್-12ಬಿ. ವಿಜಯಸಾರಥಿ ನಕ್ಷತ್ರಪುಂಜದಲ್ಲಿ, ಸುಮಾರು 1,400 ಜ್ಯೋತಿರ್ವರ್ಷ ದೂರದ ಒಂದು ನಕ್ಷತ್ರದ ಗ್ರಹ. ಅದರ ಒಂದು ವರ್ಷಕ್ಕೆ ನಮ್ಮ 26 ಗಂಟೆ 12 ನಿಮಿಷ. 2008ರಲ್ಲಿ ಅದನ್ನು ಹುಡುಕಿದ ಯೋಜನೆ ಬಳಸಿದ್ದು ಫೋಟೋಗ್ರಾಫರುಗಳು ಹಿಡಿದುಕೊಳ್ಳುವಂಥ ಉದ್ದನೆಯ ಲೆನ್ಸುಗಳನ್ನೇ ಎಂಬುದು ನನಗೆ ಧೈರ್ಯ ಕೊಟ್ಟ ಸಂಗತಿ.

ಮುಸ್ಸಂಜೆ ಫ್ಲ್ಯಾಟ್ ತೆಗೆದೆ. ಲೆನ್ಸಿನ ಧೂಳು, ಕ್ಯಾಮೆರಾದ ಅಂಚಿನ ಮಬ್ಬು ಇವೆಲ್ಲ ಲೆಕ್ಕದಿಂದ ಕಳೆಯಲು ಒಂದೇ ಸಮನಾದ ಬಿಳಿ ಬೆಳಕಿನ ಚಿತ್ರಗಳು ಬೇಕು. ಅಪ್ಪನ ಒಗೆದ ಪಂಚೆಯನ್ನು ಎರಡು ಮಡಿಕೆ ಮಾಡಿ ಟೆಲಿಸ್ಕೋಪಿನ ಬಾಯಿಗೆ ಕಟ್ಟಿ ನೆತ್ತಿಯ ಆಕಾಶಕ್ಕೆ ತಿರುಗಿಸಿದೆ. ಆ ಪಂಚೆ ಪೆಟ್ಟಿಗೆಯಲ್ಲಿ ಸುಮ್ಮನೆ ಮಡಿಸಿ ಬಿದ್ದಿತ್ತು.

ಏಳು ಗಂಟೆಗೆ ಪಶ್ಚಿಮದಲ್ಲಿ ಶುಕ್ರ, ಅವನ ಹತ್ತಿರವೇ ಶನಿ. ಮೇಲೆ ರೋಹಿಣಿಯ ಪಕ್ಕ ಗುರು. ಪೂರ್ವದಲ್ಲಿ ಪುನರ್ವಸುವಿನ ಬಳಿ ಕೆಂಪಗೆ ಕುಜ. ನಮ್ಮ ಮನೆಯ ಗ್ರಹಗಳನ್ನೆಲ್ಲ ಒಮ್ಮೆ ನೋಡಿ, ಬೇರೆಯವರ ಮನೆಯ ಗ್ರಹಕ್ಕೆ ಕೂತೆ.

ಎಂಟೂವರೆಯಿಂದ ನಿಮಿಷಕ್ಕೊಂದು ಚಿತ್ರ. ಚುಕ್ಕೆಗಳನ್ನು ಬೇಕೆಂದೇ ತುಸು ಹಿಗ್ಗಿಸಿ ಹಿಡಿದೆ. ಬೆಳಕು ಹಲವು ಚೌಕಗಳಿಗೆ ಹರಡಿದರೆ ಅಳತೆ ಹೆಚ್ಚು ನಂಬಿಕೆಯದಾಗುತ್ತದೆ. ಒಂಬತ್ತು ಇಪ್ಪತ್ತೈದರ ಸುಮಾರಿಗೆ ಗ್ರಹ ನಕ್ಷತ್ರದ ಅಂಚು ಮುಟ್ಟಬೇಕು, ಹತ್ತು ಐವತ್ತಮೂರಕ್ಕೆ ಸಂಕ್ರಮಣದ ನಡುಮಧ್ಯ. ನಕ್ಷತ್ರ ನೆತ್ತಿಯ ಗೆರೆ ದಾಟುವುದೂ ಅದೇ ಹೊತ್ತಿಗೆ. ಆಗ ಮೌಂಟ್ ಪೂರ್ತಿ ಮಗುಚಿ ಆ ಕಡೆಯಿಂದ ಮತ್ತೆ ನೋಡಬೇಕು. ಸಂಕ್ರಮಣದ ಹೊಟ್ಟೆಯಲ್ಲೇ ಹತ್ತು ನಿಮಿಷ ಕುರುಡು. ಉಸಿರು ಬಿಗಿಹಿಡಿದು ತಿರುಗಿಸಿ, ಅದೇ ಚುಕ್ಕೆಯನ್ನು ಚೌಕಟ್ಟಿನ ಅದೇ ಜಾಗಕ್ಕೆ ತಂದೆ.

ಕಣ್ಣಿಗೆ ಏನೂ ತಿಳಿಯುವುದಿಲ್ಲ. ಮೊದಲ ಚಿತ್ರವೂ ನೂರನೆಯ ಚಿತ್ರವೂ ಒಂದೇ. ಹತ್ತೂವರೆಗೆ ಅಲ್ಲಿಯವರೆಗಿನ ಚಿತ್ರಗಳನ್ನು ಅಸ್ಟ್ರೋಇಮೇಜ್‌ಜೆ ಎಂಬ ತಂತ್ರಾಂಶಕ್ಕೆ ಕೊಟ್ಟು, ಸುತ್ತಲಿನ ಆರು ಸ್ಥಿರ ನಕ್ಷತ್ರಗಳ ಜೊತೆ ಹೋಲಿಸಿ ಅಳೆಯಲು ಹೇಳಿದೆ. ಚುಕ್ಕಿಗಳು ಒಂದೊಂದಾಗಿ ಪರದೆಯ ಮೇಲೆ ಬಿದ್ದವು. ನೇರ, ನೇರ, ನೇರ, ಆಮೇಲೆ ಇಳಿಜಾರು. ನೂರರಲ್ಲಿ ಒಂದೂವರೆಯಷ್ಟು ಇಳಿದು ಅಲ್ಲೇ ನಿಂತಿದೆ.

1,400 ವರ್ಷದ ಹಿಂದೆ ಹೊರಟ ಬೆಳಕು. ಅದರ ದಾರಿಗೆ ಹೊರಟಾಗಲೇ ಒಂದು ಗ್ರಹ ಅಡ್ಡ ಬಂದಿತ್ತು ಎಂಬುದು ಇವತ್ತು ನಮ್ಮ ಕಣದಲ್ಲಿ ಗೊತ್ತಾಯಿತು. ಅವ್ವನ ಕಂಬಳಿ ಹೊದ್ದುಕೊಂಡು ಸುಮ್ಮನೆ ನಿಂತುಬಿಟ್ಟೆ.

ಜನವರಿ 25, ಶನಿವಾರ

ನಾಲ್ಕು ದಿನದಿಂದ ನಿದ್ದೆ ಬಂದಿಲ್ಲ. ನನ್ನ ಸಂಕ್ರಮಣ ಎಂಟೂವರೆ ನಿಮಿಷ ಮುಂಚೆ ಬಂದಿದೆ.

ಈ ಗ್ರಹದ ಹೊತ್ತಿನ ಲೆಕ್ಕ ಸಣ್ಣ ಮಾತಲ್ಲ. ಅದರ ಸುತ್ತು ವರ್ಷಕ್ಕೆ ಸುಮಾರು 29 ಮಿಲಿಸೆಕೆಂಡಿನಷ್ಟು ಚಿಕ್ಕದಾಗುತ್ತಿದೆ, ಗ್ರಹ ಸುರುಳಿ ಸುತ್ತುತ್ತ ತನ್ನ ನಕ್ಷತ್ರಕ್ಕೆ ಹತ್ತಿರವಾಗುತ್ತಿದೆ. ಇನ್ನು 30 ಲಕ್ಷ ವರ್ಷದ ಆಸುಪಾಸಿನಲ್ಲಿ ಅದರೊಳಗೆ ಬಿದ್ದು ಮುಗಿದುಹೋಗುತ್ತದೆ. ಇದು ತಿಳಿದದ್ದು ಹತ್ತು ವರ್ಷಕ್ಕೂ ಮೀರಿ ಹಲವರು ನೆಲದಿಂದ ಬರೆದಿಟ್ಟ ಸಂಕ್ರಮಣದ ಹೊತ್ತುಗಳನ್ನು ಜೋಡಿಸಿದಾಗ. ಅಲ್ಲಿ ಸೆಕೆಂಡುಗಳ ಲೆಕ್ಕ ನಡೆಯುವಾಗ ನನ್ನದು ಎಂಟೂವರೆ ನಿಮಿಷ ತಪ್ಪು!

ಲ್ಯಾಪ್‌ಟಾಪಿನ ಗಡಿಯಾರ ಸರಿಯಾಗಿದೆ. ಚಿತ್ರಗಳ ಮೇಲಿನ ಹೊತ್ತು ಸರಿಯಾಗಿದೆ. ಇವತ್ತು ಮಧ್ಯಾಹ್ನ ಬಟ್ಟೆ ಒಗೆಯುತ್ತಿದ್ದಾಗ ಹೊಳೆಯಿತು: ಹೊತ್ತು ನನ್ನದು, ಭೂಮಿಯದು. ಲೆಕ್ಕದ ಪಟ್ಟಿಯಲ್ಲಿರುವ ಹೊತ್ತು ಸೌರವ್ಯೂಹದ ತೂಕದ ಕೇಂದ್ರದ್ದು. ಭೂಮಿ ಸೂರ್ಯನನ್ನು ಸುತ್ತುವಾಗ ಒಮ್ಮೆ ಆ ನಕ್ಷತ್ರಕ್ಕೆ ಹತ್ತಿರ, ಆರು ತಿಂಗಳ ಮೇಲೆ ದೂರ. ಈ ತಿಂಗಳು ನಾವು ಅದರ ಕಡೆಗಿದ್ದೇವೆ. ಹಾಗಾಗಿ ಬೆಳಕು ಸೂರ್ಯನ ನೆಲೆಗೆ ಮುಟ್ಟುವ ಮೊದಲೇ ನಮಗೆ ಮುಟ್ಟುತ್ತದೆ. ಏಳೂವರೆ ನಿಮಿಷ ಅದರದು, ಗಡಿಯಾರದ ಪದ್ಧತಿಗಳ ವ್ಯತ್ಯಾಸ ಇನ್ನೊಂದು ನಿಮಿಷ. ತಿದ್ದಿದ ಮೇಲೆ ಉಳಿದ ವ್ಯತ್ಯಾಸ ನನ್ನ ಅಳತೆಯ ಮಿತಿಯೊಳಗೇ ಇದೆ.

ಇದೇ ಭೂಮಿಯ ಓಟ ಇನ್ನೂ ದೊಡ್ಡವರನ್ನು ದಾರಿ ತಪ್ಪಿಸಿದೆ. 1991ರ ಜುಲೈನಲ್ಲಿ ಬ್ರಿಟನ್ನಿನ ಆಂಡ್ರ್ಯೂ ಲೈನ್ ಮತ್ತು ಸಂಗಡಿಗರು ಪಲ್ಸಾರ್ ಎಂಬ ಬಗೆಯ ನಕ್ಷತ್ರವೊಂದರ ಸುತ್ತ ಆರು ತಿಂಗಳಿಗೊಮ್ಮೆ ಸುತ್ತುವ ಗ್ರಹ ಕಂಡೆವೆಂದು ಪ್ರಕಟಿಸಿದರು. ಲೋಕವೆಲ್ಲ ಸಂಭ್ರಮಿಸಿತು. ಭೂಮಿಯ ಕಕ್ಷೆ ಪೂರ್ತಿ ದುಂಡಗಿಲ್ಲ ಎಂಬುದನ್ನು ಲೆಕ್ಕದಲ್ಲಿ ಸರಿಯಾಗಿ ಕಳೆದಿರಲಿಲ್ಲ. ಆ ಆರು ತಿಂಗಳು ಅಲ್ಲಿಯದಾಗಿರದೆ ನಮ್ಮದೇ ಆಗಿತ್ತು. 1992ರ ಜನವರಿಯಲ್ಲಿ ಅಟ್ಲಾಂಟಾದಲ್ಲಿ ನಡೆದ ಖಗೋಳ ವಿಜ್ಞಾನಿಗಳ ಸಭೆಯಲ್ಲಿ ಲೈನ್ ಎದ್ದು ನಿಂತು, ಗ್ರಹ ಇಲ್ಲ, ತಪ್ಪು ನಮ್ಮದು ಎಂದು ಹೇಳಿದರು. ಸಭೆ ದೀರ್ಘವಾಗಿ ಚಪ್ಪಾಳೆ ತಟ್ಟಿತು. ಅವರ ಬೆನ್ನಿಗೇ ಮಾತಾಡಿದ ಅಲೆಕ್ಸಾಂಡರ್ ವೊಲ್ಷಾನ್ ಇನ್ನೊಂದು ಪಲ್ಸಾರಿನ ಸುತ್ತ ಕಂಡ ಗ್ರಹಗಳ ಬಗ್ಗೆ ಹೇಳಿದರು. ಅವು ನಿಜವಾಗಿದ್ದವು.

ಆ ಚಪ್ಪಾಳೆಯನ್ನು ಇವತ್ತು ಬಹಳ ಹೊತ್ತು ನೆನೆದೆ.

ಫೆಬ್ರವರಿ 8, ಶನಿವಾರ

ಟೆಸ್ ಅಭ್ಯರ್ಥಿಗಳನ್ನು ನೆಲದಿಂದ ನೋಡುವವರ ಗುಂಪಿನಲ್ಲಿ ವಾಸ್ಪ್-12ಬಿಯ ನನ್ನ ಲೈಟ್ ಕರ್ವ್, ಅಂದರೆ ಬೆಳಕಿನ ಏರಿಳಿತದ ರೇಖೆ, ಒಪ್ಪಿಗೆಯಾಯಿತು. ಇನ್ನು ಮೇಲೆ ನಿಜವಾದ ಅಭ್ಯರ್ಥಿಗಳನ್ನು ನೋಡಬಹುದು. ಮೊದಲನೆಯದು ಬಂದೂ ಬಿಟ್ಟಿದೆ: ಕರ್ಕಾಟಕ ರಾಶಿಯಲ್ಲಿ, ಹನ್ನೊಂದನೇ ಕಾಂತಿಮಾನದ ಒಂದು ನಕ್ಷತ್ರ. ಅದರ ಸಂಖ್ಯೆಯನ್ನು ಇಲ್ಲಿಯೂ ಬರೆಯುವುದಿಲ್ಲ. ಫಲಿತಾಂಶ ಪ್ರಕಟವಾಗುವ ತನಕ ಗುಂಪಿನೊಳಗೇ ಇಡುವುದಾಗಿ ಮಾತು ಕೊಟ್ಟಿದ್ದೇನೆ. ಮೂರು ದಿನ ಎಂಟೂವರೆ ಗಂಟೆಗೊಮ್ಮೆ ಅದರ ಬೆಳಕು ಸಾವಿರದಲ್ಲಿ ಮೂರು ಪಾಲು ಕುಗ್ಗುತ್ತದೆ ಎನ್ನುತ್ತದೆ ಟೆಸ್. ನೆಪ್ಚೂನಿನ ಹತ್ತಿರದ ಗಾತ್ರದ ಗ್ರಹ ಇರಬಹುದು.

ಕೆಲಸ ಹಂಚಿಕೊಂಡ ರೀತಿ ನನಗೆ ಬಹಳ ಹಿಡಿಸಿದೆ. ನಮ್ಮಂಥವರು ಮೊದಲು ಬೆಳಕಿನ ಇಳಿತ ಯಾವ ಚುಕ್ಕೆಯದು ಎಂದು ಹೇಳಬೇಕು. ಅಲ್ಲಿ ಉಳಿದದ್ದು ವರ್ಣಪಟಲ ತೆಗೆಯುವವರಿಗೆ. ಅವರು ಅದು ಜೋಡಿ ನಕ್ಷತ್ರವಲ್ಲವೆಂದು ನೋಡುತ್ತಾರೆ. ಮತ್ತೆ ಕೆಲವರು ಅತಿ ಸ್ಪಷ್ಟ ಚಿತ್ರ ತೆಗೆದು ಕೂದಲೆಳೆಯ ಅಂತರದಲ್ಲಿ ಇನ್ನೊಂದು ನಕ್ಷತ್ರ ಅಡಗಿದೆಯೇ ಎಂದು ಹುಡುಕುತ್ತಾರೆ. ಎಲ್ಲ ದಾಟಿದ್ದಕ್ಕೆ ತೂಕ ಹಾಕುವ ಸರದಿ. ಗ್ರಹ ನಕ್ಷತ್ರವನ್ನು ಸುತ್ತುವಾಗ ನಕ್ಷತ್ರವೂ ತುಸು ಅಲ್ಲಾಡುತ್ತದೆ. ಗುರು ನಮ್ಮ ಸೂರ್ಯನನ್ನು ಸೆಕೆಂಡಿಗೆ ಹನ್ನೆರಡೂವರೆ ಮೀಟರಿನಷ್ಟು ಆಚೀಚೆ ಎಳೆಯುತ್ತಾನೆ, ಭೂಮಿ ಒಂಬತ್ತೇ ಸೆಂಟಿಮೀಟರು. 1995ರಲ್ಲಿ ಮಿಷೆಲ್ ಮೇಯರ್ ಮತ್ತು ದಿದಿಯೆ ಕೆಲೋ ಫ್ರಾನ್ಸಿನ 1.93 ಮೀಟರ್ ಟೆಲಿಸ್ಕೋಪಿನಿಂದ 51 ಪೆಗಾಸಿಯ ಗ್ರಹವನ್ನು ಹಿಡಿದದ್ದು ಇಂಥ ಅಲ್ಲಾಟದಿಂದಲೇ. 2019ರಲ್ಲಿ ಅವರಿಗೆ ನೊಬೆಲ್ ಬಂತು. ನಮ್ಮ ದೇಶದಲ್ಲಿ ಈ ತೂಕ ಹಾಕುವವರು ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದವರು. ಮೌಂಟ್ ಅಬುವಿನ ಗುರುಶಿಖರದಲ್ಲಿ 2.5 ಮೀಟರ್ ಟೆಲಿಸ್ಕೋಪಿಗೆ ಪಾರಸ್-2 ಎಂಬ ಉಪಕರಣ ಜೋಡಿಸಿದ್ದಾರೆ. ಭೂಮಿಯ ಸುಮಾರು 60 ಪಟ್ಟು ತೂಕದ ಟಿಒಐ-6651ಬಿ ಗ್ರಹವನ್ನು 2024ರಲ್ಲಿ ಖಚಿತಪಡಿಸಿದವರು ಅವರೇ.

ಇನ್ನೂ ಹಿಂದಕ್ಕೆ ಹೋದರೆ ಮದರಾಸು. 1855ರಲ್ಲಿ ಅಲ್ಲಿನ ವೀಕ್ಷಣಾಲಯದ ಕ್ಯಾಪ್ಟನ್ ಜೇಕಬ್, 70 ಒಫಿಯೂಕಿ ಎಂಬ ಜೋಡಿ ನಕ್ಷತ್ರದ ನಡಿಗೆಯಲ್ಲಿ ಲೆಕ್ಕಕ್ಕೆ ಸಿಗದ ವಕ್ರ ಕಂಡು, ಕಾಣದ ಗ್ರಹವೊಂದು ಅದನ್ನು ಎಳೆಯುತ್ತಿರಬಹುದೆಂದು ಬರೆದರು. ಬೇರೆ ನಕ್ಷತ್ರದ ಗ್ರಹ ಕಂಡೆವೆಂದು ಅಳತೆಯ ಆಧಾರದಲ್ಲಿ ಹೇಳಿದ ಅತಿ ಹಳೆಯ ಮಾತುಗಳಲ್ಲಿ ಅದೊಂದು, ಅದೂ ನಮ್ಮ ದಕ್ಷಿಣದ ನೆಲದಿಂದ. ಗ್ರಹ ಮಾತ್ರ ಇರಲಿಲ್ಲ. ಅಳತೆಯ ಸಣ್ಣ ತಪ್ಪುಗಳೇ ಗ್ರಹದ ಹಾಗೆ ಕಂಡಿದ್ದವು. ಆ ವೀಕ್ಷಣಾಲಯದ ಕೆಲಸ ಮುಂದೆ ಕೊಡೈಕೆನಾಲಿಗೆ ಹೋಯಿತು. ಅಲ್ಲಿಂದ ಬೆಳೆದದ್ದು ಇವತ್ತು ಬೆಂಗಳೂರಿನ ಕೋರಮಂಗಲದಲ್ಲಿರುವ ಭಾರತೀಯ ಖಭೌತ ಸಂಸ್ಥೆ. ದೂರದ ಹಾನ್ಲೆಯಲ್ಲಿರುವ ಅವರ ಟೆಲಿಸ್ಕೋಪನ್ನು ಹೊಸಕೋಟೆಯಲ್ಲಿ ಕೂತು ನಡೆಸುತ್ತಾರೆ; ಅದರಿಂದಲೂ ಈಗ ಹೊರಗ್ರಹಗಳ ಸಂಕ್ರಮಣ ಅಳೆಯುತ್ತಾರೆ.

ಜೇಕಬ್ ಅವರದು ಸುಳ್ಳಲ್ಲ, ಅವಸರವೂ ಅಲ್ಲ. ಅವರ ಅಳತೆಯನ್ನು ಇನ್ನೊಬ್ಬರು ಬೇರೆ ಊರಿನಿಂದ ಅಲುಗಿಸಿ ನೋಡುವ ವ್ಯವಸ್ಥೆ ಆಗ ಈಗಿನ ಹಾಗೆ ಇರಲಿಲ್ಲ.

ಫೆಬ್ರವರಿ 18, ಮಂಗಳವಾರ, ರಾತ್ರಿ 11:30

ಕೈತಪ್ಪಿತು. ಹತ್ತೂವರೆಗೆ ಸಂಕ್ರಮಣದ ನಡುಮಧ್ಯ ಇತ್ತು. ಒಂಬತ್ತೂಮುಕ್ಕಾಲಿಗೆ ತ್ರೀಫೇಸ್ ಕರೆಂಟು ಬಂತು, ಸುತ್ತಲಿನ ಮೋಟಾರುಗಳೆಲ್ಲ ಒಟ್ಟಿಗೆ ಎದ್ದವು, ವೋಲ್ಟೇಜು ಕುಸಿದು ಮೌಂಟ್ ನಿಂತುಹೋಯಿತು. ಮತ್ತೆ ನಕ್ಷತ್ರ ಹುಡುಕಿ ಹಿಡಿಯುವಷ್ಟರಲ್ಲಿ ಮುಕ್ಕಾಲು ಗಂಟೆ ಹೋಯಿತು. ತಮ್ಮ ಓಡಿಬಂದು ಮೋಟಾರು ಆರಿಸಲೇ ಎಂದು ಕೇಳಿದ. ಬೇಡವೆಂದೆ, ಶೇಂಗಾಕ್ಕೆ ನೀರು ಇವತ್ತೇ ಸೇರಬೇಕು. ಬ್ಯಾಟರಿಗೆ ಜೋಡಿಸಿಕೊಳ್ಳದೆ ಕೂತದ್ದು ನನ್ನ ತಪ್ಪು. ನಾಳೆ ಹಳೆಯ ಟ್ರ್ಯಾಕ್ಟರಿನ ಬ್ಯಾಟರಿ ಚಾರ್ಜಿಗೆ ಹಾಕಬೇಕು.

ನಮಗೆ ರಾತ್ರಿಯಾಗಿದ್ದು, ಕರ್ಕಾಟಕ ಮೇಲಿದ್ದು, ಸಂಕ್ರಮಣವೂ ಆಗುವ ಹೊತ್ತು ಇನ್ನು ಫೆಬ್ರವರಿ 28ಕ್ಕೆ.

ಫೆಬ್ರವರಿ 26, ಬುಧವಾರ. ಶಿವರಾತ್ರಿ

ಊರೆಲ್ಲ ಜಾಗರಣೆ. ಗುಡಿಯ ಭಜನೆ ತೋಟದವರೆಗೂ ಕೇಳುತ್ತದೆ. ಅವ್ವ ಗುಡಿಗೆ ಹೋಗಿದ್ದಾಳೆ, ನಾನು ಕಣದಲ್ಲಿ ಅಭ್ಯಾಸಕ್ಕೆ ಕೂತೆ. ಬ್ಯಾಟರಿ ಆರು ಗಂಟೆ ತಡೆಯಿತು. ಕರ್ಕಾಟಕದ ಆ ನಕ್ಷತ್ರದ ಸುತ್ತ ನೂರೈವತ್ತು ವಿಕಲೆಯ ವೃತ್ತದಲ್ಲಿ ಎಷ್ಟು ಚುಕ್ಕೆಗಳಿವೆ ಎಂದು ಎಣಿಸಿದೆ: ಹದಿನೇಳು. ನನ್ನ ಟೆಲಿಸ್ಕೋಪಿಗೆ ಸಾವಿರದಲ್ಲಿ ಮೂರು ಪಾಲನ್ನು ಖಚಿತವಾಗಿ ಅಳೆಯುವ ಶಕ್ತಿ ಅಷ್ಟಾಗಿ ಇಲ್ಲ. ಆದರೆ ಈ ಹದಿನೇಳರಲ್ಲಿ ಯಾವುದು ಕುಗ್ಗಿದರೂ ಹೇಳಬಲ್ಲೆ. ನನಗೆ ಕೊಟ್ಟ ಪ್ರಶ್ನೆಯೂ ಅದೇ.

ಮಾರ್ಚ್ 1, ಶನಿವಾರ, ನಸುಕಿನ 3:15

195 ಚಿತ್ರ. ಒಂಬತ್ತೂವರೆಯಿಂದ ಎರಡೂವರೆಯವರೆಗೆ, ಒಂದೊಂದೂ 90 ಸೆಕೆಂಡು. ಅಮಾವಾಸ್ಯೆಯ ಮಗ್ಗುಲ ಕಗ್ಗತ್ತಲು, ಗಾಳಿ ಇಲ್ಲ, ಮಂಜು ಇಲ್ಲ. ಬ್ಯಾಟರಿ ನಿಂತಿತು. ಕರೆಂಟು ಬಂದಾಗ ಮೋಟಾರುಗಳು ಎದ್ದವು, ಮೌಂಟ್ ಕದಲಲಿಲ್ಲ.

ನಿನ್ನೆ ಹಗಲು ನಾನು ಪಾಠ ಮಾಡುವ ಕಾಲೇಜಿನಲ್ಲಿ ರಾಷ್ಟ್ರೀಯ ವಿಜ್ಞಾನ ದಿನ. ಸಂಜೆಯ ಆಕಾಶದಲ್ಲಿ ಗ್ರಹಗಳ ಮೆರವಣಿಗೆ ಎಂದು ಟಿವಿಯಲ್ಲಿ ಬರುತ್ತಿರುವುದನ್ನು ಮಕ್ಕಳು ಕೇಳಿದರು. ಬಿ.ಎಸ್ಸಿ. ಕೊನೆ ವರ್ಷದ ಹುಡುಗಿಯೊಬ್ಬಳು, "ಮೇಡಂ, ಗ್ರಹ ಸಿಗದೆ ಹೋದರೆ ಇಷ್ಟು ರಾತ್ರಿ ಎದ್ದಿದ್ದು ದಂಡ ಅಲ್ವಾ?" ಎಂದಳು. ಉತ್ತರ ಬಾಯಿಯವರೆಗೆ ಬಂದು ನಿಂತಿತು. ಚಿತ್ರಗಳನ್ನು ಅಳೆದ ಮೇಲೆ ಹೇಳುತ್ತೇನೆ ಎಂದೆ.

ಈಗ ಮಲಗಬೇಕು. ಅಳೆಯುವ ಕೆಲಸ ತಲೆ ತಿಳಿಯಾದ ಮೇಲೆ.

ಮಾರ್ಚ್ 2, ಭಾನುವಾರ

ಮೊದಲು ಮುಖ್ಯ ನಕ್ಷತ್ರ. ಹತ್ತು ಹತ್ತು ಚಿತ್ರಗಳ ಸರಾಸರಿ ತೆಗೆದು ನೋಡಿದೆ. ಸಮ. ಇಳಿತ ಕಾಣುವುದಿಲ್ಲ. ಎದೆ ಒಂದಿಷ್ಟು ಕುಗ್ಗಿತು, ಆದರೂ ಇದರಿಂದ ಏನೂ ತೀರ್ಮಾನವಾಗದು. ಇಳಿತ ನನ್ನ ಮಿತಿಯ ಅಂಚಿನದು.

ಆಮೇಲೆ ನೆರೆಯವು. ಒಂದು, ಎರಡು, ಮೂರು, ಎಲ್ಲ ನೇರ. ಒಂಬತ್ತನೆಯದು ಆಗ್ನೇಯಕ್ಕೆ 40 ವಿಕಲೆ ದೂರದಲ್ಲಿರುವ, ಹದಿನೈದನೇ ಕಾಂತಿಮಾನದ ಮಂಕು ಚುಕ್ಕೆ. ಅದರ ರೇಖೆ ತೆರೆದೆ. ಹನ್ನೊಂದಕ್ಕೆ ಮೊದಲೇ ಇಳಿಯತೊಡಗಿ, ಹನ್ನೆರಡಕ್ಕೆ ತಳ ಮುಟ್ಟಿ, ಒಂದೂಕಾಲಿಗೆ ಮೇಲೆ ಬಂದಿದೆ. ಅಗಲವಾದ ತಳವಿಲ್ಲ, ಇಳಿದ ಕೂಡಲೆ ಏರಿದೆ. ಇಂಗ್ಲಿಷಿನ ವಿ ಅಕ್ಷರದ ಹಾಗೆ.

ಎಂಟನೇ ಒಂದು ಪಾಲು ಬೆಳಕು ಹೋಗಿದೆ.

ಕಾಗದದ ಮೇಲೆ ಕೂಡಿಸಿ ಭಾಗಿಸಿದೆ. ಈ ಚುಕ್ಕೆ ಮುಖ್ಯ ನಕ್ಷತ್ರದ ನಲವತ್ತನೇ ಒಂದು ಪಾಲು ಮಾತ್ರ ಬೆಳಗುತ್ತದೆ. ಎರಡರ ಬೆಳಕೂ ಕಲಸಿದ ಕಡೆ ಇದರ ಎಂಟನೇ ಒಂದು ಪಾಲು ಹೋದರೆ, ಒಟ್ಟಿನಲ್ಲಿ ಕಡಿಮೆಯಾಗುವುದು ಸಾವಿರದಲ್ಲಿ ಮೂರು. ಟೆಸ್ ಹೇಳಿದ ಅಂಕಿಯೇ. ಹೊತ್ತೂ ಅದೇ, ಆಳವೂ ಅದೇ.

ಅಲ್ಲಿ ಗ್ರಹವಿಲ್ಲ. ಮಂಕಾದ ಆ ಚುಕ್ಕೆ ಒಂದಲ್ಲ, ಎರಡು ನಕ್ಷತ್ರಗಳ ಜೋಡಿ. ಅವು ಒಂದನ್ನೊಂದು ಸವರಿಕೊಂಡು ಸುತ್ತುತ್ತಿವೆ.

ಮೂರು ಸಲ ಬೇರೆ ಬೇರೆ ಹೋಲಿಕೆಯ ನಕ್ಷತ್ರ ಹಾಕಿ, ಬೇರೆ ಬೇರೆ ಅಳತೆಯ ವೃತ್ತ ಹಾಕಿ ನೋಡಿದೆ. ಬದಲಾಗಲಿಲ್ಲ. ಸಂಜೆಯ ಹೊತ್ತಿಗೆ ವರದಿ ಕಳಿಸಿದೆ.

ಖುಷಿಯಾಯಿತೇ? ಮೊದಲ ಅರ್ಧ ಗಂಟೆ ಆಗಲಿಲ್ಲ. ಗ್ರಹವೇ ಆಗಿರಲಿ ಎಂದು ಒಳಗೊಳಗೇ ಬೇಡಿಕೊಂಡಿದ್ದೆ ಎಂದು ತಿಳಿದದ್ದು ಆಗಲೇ. ಬೇಡಿಕೊಂಡ ಮನಸ್ಸು ಅಳತೆಗೆ ಕೈ ಹಾಕದ ಹಾಗೆ ನೋಡಿಕೊಂಡೆನಲ್ಲ, ಆಮೇಲೆ ಅದರ ಸಮಾಧಾನ ಬಂತು.

ಮಾರ್ಚ್ 10, ಸೋಮವಾರ

ಅಮೆರಿಕದ ಪಶ್ಚಿಮದ ಮರುಭೂಮಿಯಿಂದ ಇನ್ನೊಬ್ಬ ಹವ್ಯಾಸಿಯ ವರದಿ ಬಂದಿದೆ. ಮುಂದಿನ ಗ್ರಹಣವನ್ನು ಅವರು ಹಿಡಿದಿದ್ದಾರೆ. ಮಾರ್ಚ್ 4, ನಮಗೆ ಬೆಳಗಿನ ಎಂಟೂವರೆ; ನಾನು ಕಾಲೇಜಿನ ಬಸ್ಸಿಗೆ ನಿಂತಿದ್ದ ಹೊತ್ತು. ಅವರಿಗೆ ಹಿಂದಿನ ದಿನದ ರಾತ್ರಿ. ಅದೇ ಒಂಬತ್ತನೇ ಚುಕ್ಕೆ, ಅದೇ ಆಳ, ಅದೇ ಆಕಾರ. ನನಗಿಂತ ದೊಡ್ಡ ಟೆಲಿಸ್ಕೋಪು. ಮುಖ್ಯ ನಕ್ಷತ್ರ ಕದಲಿಲ್ಲವೆಂದು ಖಚಿತವಾಗಿ ಹೇಳಿದ್ದಾರೆ.

ಇವತ್ತಿನ ತಾರೀಖಿಗೂ ಒಂದು ನೆನಪಿದೆ. 1977ರ ಮಾರ್ಚ್ 10ರಂದು ಯುರೇನಸ್ ಒಂದು ನಕ್ಷತ್ರವನ್ನು ಮರೆಮಾಡುವುದಿತ್ತು. ಮರೆಯಾಗುವ ಮೊದಲೇ ಆ ನಕ್ಷತ್ರದ ಬೆಳಕು ತುಸು ತುಸು ಮಿಣುಕಿತು, ಕುಗ್ಗಿತು. ಕಾರಣ, ಯುರೇನಸ್ಸಿನ ಸುತ್ತ ಯಾರೂ ಅರಿಯದ ಬಳೆಗಳು. ವಿಮಾನದಲ್ಲಿ ಟೆಲಿಸ್ಕೋಪಿಟ್ಟು ಹಾರಿದ ಅಮೆರಿಕದವರು ಅದನ್ನು ಕಂಡರು. ನಮ್ಮ ಪಕ್ಕದ ತಮಿಳುನಾಡಿನ ಜವಾದಿ ಬೆಟ್ಟದ ಕಾವಲೂರಿನಲ್ಲಿ, ಒಂದು ಮೀಟರ್ ಟೆಲಿಸ್ಕೋಪಿನಲ್ಲಿ ಜೆ.ಸಿ. ಭಟ್ಟಾಚಾರ್ಯ ಮತ್ತು ಕುಪ್ಪುಸ್ವಾಮಿ ಕೂಡ ನಕ್ಷತ್ರದ ಬೆಳಕು ಇಳಿದದ್ದನ್ನು ದಾಖಲಿಸಿದರು. ಇವತ್ತು ಕಾವಲೂರಿನ 1.3 ಮೀಟರ್ ಟೆಲಿಸ್ಕೋಪಿಗೆ ಭಟ್ಟಾಚಾರ್ಯರದೇ ಹೆಸರು. ಅದರಿಂದಲೂ ಹೊರಗ್ರಹಗಳ ಸಂಕ್ರಮಣ ಅಳೆದಿದ್ದಾರೆ.

ಒಂದು ಬೆಳಕು ಕುಗ್ಗಿತು ಎಂದು ಒಬ್ಬರೇ ಹೇಳಿದರೆ ಅದು ಸುದ್ದಿ. ಬೇರೆ ನೆಲ, ಬೇರೆ ಗಾಳಿ, ಬೇರೆ ಕಣ್ಣು ಅದನ್ನೇ ಕಂಡಾಗ ಅದು ತಿಳಿವಳಿಕೆ. ಜೇಕಬ್ ಅವರಿಗೆ ಇಲ್ಲದ ಭಾಗ್ಯ ನನಗೆ ಸಿಕ್ಕಿತು.

ಮಾರ್ಚ್ 23, ಭಾನುವಾರ

ಪಟ್ಟಿಯಲ್ಲಿ ಆ ನಕ್ಷತ್ರದ ಮುಂದೆ ಇದ್ದ 'ಅಭ್ಯರ್ಥಿ' ಎಂಬ ಗುರುತು ಹೋಗಿದೆ. 'ಗ್ರಹವಲ್ಲ' ಎಂದು ಬಂದಿದೆ.

ಮೊನ್ನೆ ತರಗತಿಯಲ್ಲಿ ಆ ಹುಡುಗಿಗೆ ಉತ್ತರ ಕೊಟ್ಟೆ. ದೊಡ್ಡ ಟೆಲಿಸ್ಕೋಪಿನಲ್ಲಿ ಒಂದು ನಕ್ಷತ್ರದ ತೂಕ ಹಾಕಲು ಎಷ್ಟೋ ರಾತ್ರಿಗಳು ಬೇಕು. ಅಂಥ ರಾತ್ರಿಗಳು ಲೋಕದಲ್ಲಿ ಎಣಿಸಿದಷ್ಟೇ ಇವೆ, ಸಾಲಿನಲ್ಲಿ ಸಾವಿರಾರು ಹೆಸರುಗಳಿವೆ. ಜೊಳ್ಳಿಗೆ ಹೋಗಬಹುದಾಗಿದ್ದ ಆ ರಾತ್ರಿಗಳು ಈಗ ಗಟ್ಟಿ ಕಾಳಿಗೆ ಉಳಿದವು. ಇದುವರೆಗೆ ಖಚಿತವಾದ 5,800ಕ್ಕೂ ಹೆಚ್ಚು ಹೊರಗ್ರಹಗಳ ಲೆಕ್ಕವನ್ನು ನಾವು ನಂಬುತ್ತೇವಲ್ಲ, ಆ ನಂಬಿಕೆ ನಿಂತಿರುವುದು ಯಾರೋ ರಾತ್ರಿಯೆಲ್ಲ ಎದ್ದು 'ಅಲ್ಲ' ಎಂದು ಬರೆದ ಹೆಸರುಗಳ ಮೇಲೆ. ಹುಡುಗಿ ಸುಮ್ಮನೆ ಕೇಳಿಸಿಕೊಂಡಳು. ಸಂಜೆ ಬಂದು, ಮುಂದಿನ ಸಲ ಚಿತ್ರಗಳನ್ನು ತಾನು ಅಳೆಯಬಹುದೇ ಎಂದಳು.

ಅವ್ವನಿಗೂ ಹೇಳಿದೆ, ಗ್ರಹ ಇಲ್ಲವೆಂದು.

"ಅಲುಗಿಸಿ ನೋಡಿದ್ಯಲ್ಲ?" ಎಂದಳು.

"ನೋಡಿದೆ."

"ಹಂಗಾದ್ರೆ ಆಯ್ತು ಬಿಡು."

ಬಿತ್ತಿದ ಶೇಂಗಾ ಮೊಣಕಾಲೆತ್ತರ ಬಂದು ಹೂ ಬಿಟ್ಟಿದೆ. ಸಾಲುಗಳಲ್ಲಿ ತೆರವು ಹೆಚ್ಚಿಲ್ಲ. ಮುಂದಿನ ನಕ್ಷತ್ರ ಸಿಂಹ ರಾಶಿಯದು, ಏಪ್ರಿಲ್ 2ರ ರಾತ್ರಿ 11:40ಕ್ಕೆ.